ಹಳೆಯ ಫಿಯಟ್‌ಗೆ ಹೊಸ ಎಂಜಿನ್ ಕೂರಿಸಬಹುದೇ?

ಪ್ರಶ್ನೆ: ದಾವಣಗೆರೆಯ ನಮ್ಮ ಮನೆಯಲ್ಲಿ ಅಜ್ಜನ 1972ರ ಫಿಯಟ್ 1100 ವರ್ಷಗಳಿಂದ ನಿಂತಿದೆ. ಹೊಸ ಡೀಸೆಲ್ ಎಂಜಿನ್ ಹಾಕಿಸಿ ಓಡಿಸಬಹುದೇ?

ಉತ್ತರ: ಪೆಟ್ರೋಲ್ ಗಾಡಿಗೆ ಡೀಸೆಲ್ ಆಸೆ ಬಿಡಿ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಎಂಜಿನ್ ಬದಲಾವಣೆಗೆ ಆರ್‌ಟಿಒ ಅನುಮತಿ ಮೊದಲೇ ಬೇಕು.

ಅದಕ್ಕಿಂತ, ಗಾಡಿಗೆ 50 ವರ್ಷ ದಾಟಿರುವುದೇ ನಿಮ್ಮ ಭಾಗ್ಯ. ಮೂಲರೂಪ ಉಳಿದಿದ್ದರೆ 2021ರ ನಿಯಮದಡಿ ವಿಂಟೇಜ್ ನೋಂದಣಿ ಮಾಡಿಸಬಹುದು, ಹಳೆಯ ಎಂವೈ (ಮೈಸೂರು ರಾಜ್ಯದ) ಸಂಖ್ಯೆಯನ್ನೂ ಉಳಿಸಿಕೊಳ್ಳಬಹುದು. ಆದರೆ ಆಮೇಲೆ ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕೆಲಸಗಳಿಗಷ್ಟೇ ರಸ್ತೆಗಿಳಿಸಬೇಕು. ದಿನವೂ ಪಿ.ಜೆ. ಬಡಾವಣೆಗೆ ಬೆಣ್ಣೆ ದೋಸೆ ತಿನ್ನಲು ಹೋಗುವ ಆಸೆಯಿದ್ದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿ.

ಕೀಲಿ ತಿರುಗಿಸುವ ಮುನ್ನ ಟ್ಯಾಂಕ್ ಖಾಲಿ ಮಾಡಿಸಿ. ವರ್ಷಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ, ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುವ ಕಾರ್ಬ್ಯುರೇಟರ್‌ನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ನಮ್ಮ ಒಣ ಹವೆಯಲ್ಲಿ ತಗಡು ಕರಾವಳಿಯಷ್ಟು ತುಕ್ಕು ಹಿಡಿಯುವುದಿಲ್ಲ. ಬ್ರೇಕಿನ ರಬ್ಬರ್ ಮಾತ್ರ ಒಣಗಿ ಬಿರಿದಿರುತ್ತದೆ, ಎಲ್ಲವನ್ನೂ ಬದಲಿಸಿ. ಮೆಕ್ಯಾನಿಕ್ ಹುಡುಕುವಾಗ ಲ್ಯಾಪ್‌ಟಾಪ್ ಹಿಡಿದವರಿಗಿಂತ, ಪಾಯಿಂಟ್ (ಕಿಡಿಯ ಸಮಯ ನಿರ್ಧರಿಸುವ ಸ್ವಿಚ್) ಅಂತರವನ್ನು ಫೀಲರ್ ಗೇಜಿನಿಂದ (ತೆಳು ಲೋಹದ ಪಟ್ಟಿಗಳ ಅಳತೆಗೋಲು) ಅಳೆಯಬಲ್ಲ ಹಿರಿಯರನ್ನೇ ಹಿಡಿಯಿರಿ.