ನಿಮ್ಮ ಔಷಧಿ ಲೇಖನ ಯಾಕೆ ವಾಪಸ್ ಬಂತು

ನಮಸ್ಕಾರ. ಹೊಸ ಔಷಧಿಗಳಿಗೆ ಸರ್ಕಾರದ ಒಪ್ಪಿಗೆ ಹೇಗೆ ಸಿಗುತ್ತದೆ ಅನ್ನೋ ನಿಮ್ಮ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ವಿಷಯವೂ ಒಳ್ಳೆಯದೇ. ಆದರೆ ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಸಿಟ್ಟು ಬಂತು.

"ಸರ್ಕಾರ ಹೊಸ ಔಷಧಿಯನ್ನು ಮೂರು ಹಂತಗಳಲ್ಲಿ ಪರೀಕ್ಷಿಸುತ್ತದೆ" ಅಂತ ಬರೆದಿದ್ದೀರಿ. ಸಾಮಾನ್ಯವಾಗಿ ಪರೀಕ್ಷೆ ಮಾಡಿಸುವುದು, ಅದಕ್ಕೆ ದುಡ್ಡು ಹಾಕುವುದು ಔಷಧಿ ಮಾರಲು ಹೊರಟ ಕಂಪನಿ. ಮೊದಲು ಪ್ರಾಣಿಗಳ ಮೇಲೆ, ಆಮೇಲೆ ಕೆಲವೇ ಜನರ ಮೇಲೆ, ಕೊನೆಗೆ ನೂರಾರು, ಸಾವಿರಾರು ರೋಗಿಗಳ ಮೇಲೆ. ಸರ್ಕಾರದ ತಜ್ಞರು ಪ್ರಯೋಗಕ್ಕೆ ಅನುಮತಿ ಕೊಡುತ್ತಾರೆ, ಕಂಪನಿ ತಂದಿಟ್ಟ ದಾಖಲೆ ಓದುತ್ತಾರೆ, ಕೆದಕಿ ಕೆದಕಿ ಪ್ರಶ್ನೆ ಕೇಳುತ್ತಾರೆ. ಲಾಭ ಯಾರಿಗೋ ಅವರೇ ಸಾಕ್ಷಿಯನ್ನೂ ತರುತ್ತಾರೆ. ಇಡೀ ವ್ಯವಸ್ಥೆಯ ತೊಡಕು ಇದೇ ಅಲ್ವಾ? ಅದನ್ನೇ ನೀವು ನುಂಗಿಬಿಟ್ಟಿದ್ದೀರಿ.

ಮುಂದಿನ ಸಾಲು: "ನಂತರ ಒಪ್ಪಿಗೆ ನೀಡಲಾಗುತ್ತದೆ." ಯಾರು ಕೊಡುತ್ತಾರೆ? ಏನು ನೋಡಿ ಕೊಡುತ್ತಾರೆ? ನಾನು ಕೆಲಸ ಕಲಿಯುತ್ತಿದ್ದಾಗ ನಮ್ಮ ಹಿರಿಯ ಸಂಪಾದಕರು ಇಂಥ ಸಾಲು ಕಂಡರೆ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಯಾರು?" ಅಂತ ಬರೆದು ವಾಪಸ್ ಕಳಿಸುತ್ತಿದ್ದರು. ಬೇರೆ ಮಾತೇ ಇಲ್ಲ. ಉತ್ತರ ಹುಡುಕಿ ನಾನು ಫೋನ್ ಹಿಡಿದು ಕೂತರೆ ಅವರು ಆರಾಮಾಗಿ ಊಟಕ್ಕೆ ಹೋಗುತ್ತಿದ್ದರು!

ಇನ್ನು ಥಾಲಿಡೋಮೈಡ್ ಅನ್ನೋ ನಿದ್ದೆ ಮಾತ್ರೆಯ ಕಥೆ. "ಈ ಮಾತ್ರೆಯಿಂದ ಶಿಶುಗಳು ಊನವಾಗುತ್ತವೆ ಎಂದು ಫ್ರಾನ್ಸಿಸ್ ಕೆಲ್ಸಿ ಕಂಡುಹಿಡಿದರು" ಅಂತೀರಿ. 1960ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಈ ಮಾತ್ರೆ ಮಾರಲು ಅರ್ಜಿ ಬಂದಾಗ, ಅದನ್ನು ಅಲ್ಲಿ ಪರಿಶೀಲಿಸಿದ ಕೆಲ್ಸಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಆಗಿನ ಕಾನೂನಿನಂತೆ 60 ದಿನದೊಳಗೆ ಎಫ್‌ಡಿಎ ತಕರಾರು ಎತ್ತದಿದ್ದರೆ ಔಷಧಿ ತಾನಾಗಿ ಮಾರಾಟಕ್ಕೆ ಬರಬಹುದಿತ್ತು. "ಈ ಮಾಹಿತಿ ಸಾಲದು" ಅಂತ ಕೆಲ್ಸಿ ಹೇಳಿದಾಗಲೆಲ್ಲ ದಿನಗಳ ಲೆಕ್ಕ ಮತ್ತೆ ಮೊದಲಿನಿಂದ ಶುರು. 1961ರಲ್ಲಿ ವೈದ್ಯರೊಬ್ಬರ ಪತ್ರ ಅವರ ಕಣ್ಣಿಗೆ ಬಿತ್ತು: ಈ ಮಾತ್ರೆ ತಗೊಂಡವರ ನರಗಳಿಗೆ ಹಾನಿಯಾಗುತ್ತಿದೆ. ಹಾಗಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಏನೂ ಆಗದು ಅಂತ ತೋರಿಸಿ ಎಂದರು. ಕಂಪನಿಗೆ ತೋರಿಸಲಾಗಲಿಲ್ಲ. ಆ ವರ್ಷದ ಕೊನೆಗೆ ಜರ್ಮನಿಯಲ್ಲಿ ಮಾತ್ರೆಯ ಮಾರಾಟವೇ ನಿಂತಿತು. ಇಷ್ಟು ಒಳ್ಳೆಯ ಕಥೆ ಕೈಯಲ್ಲಿಟ್ಟುಕೊಂಡು ಸುಮ್ನೆ ಪವಾಡ ಯಾಕೆ ಕಟ್ಟಿದಿರಿ?

ಈ ಎರಡು ಭಾಗ ತಿದ್ದಿ ಕಳಿಸಿ. ಅಮೆರಿಕದ ಔಷಧಿ ಕಾನೂನಿಗೆ 1962ರಲ್ಲಿ ಆದ ತಿದ್ದುಪಡಿಯನ್ನೂ ಸೇರಿಸಿ. ಔಷಧಿ ಸುರಕ್ಷಿತ ಅಂದರೆ ಸಾಲದು, ಕೆಲಸ ಮಾಡುತ್ತದೆ ಅಂತಲೂ ಅಮೆರಿಕದಲ್ಲಿ ಕಂಪನಿಗಳು ಸಾಬೀತು ಮಾಡಬೇಕಾಗಿ ಬಂದದ್ದು ಆಗಲೇ. ಶೀರ್ಷಿಕೆಯ ವಿಷಯ ಆಮೇಲೆ ನೋಡೋಣ.