ಒಳಗೇನಿದೆ ಅಂತ ಹೇಳಿ ಮಾರಲಿ

ಪ್ರಿಯ ಓದುಗರೇ,

ವಿಡಿಯೊ ಗೇಮ್‌ಗಳಲ್ಲಿ ದುಡ್ಡಿಗೆ ಮಾರುವ, ಒಳಗೇನಿದೆ ಅಂತ ತೆರೆದ ಮೇಲೆಯೇ ಗೊತ್ತಾಗುವ 'ಲೂಟ್ ಬಾಕ್ಸ್'ಗಳ ಮಾರಾಟಕ್ಕೆ ಸರ್ಕಾರಗಳು ಕಡಿವಾಣ ಹಾಕಬೇಕು ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದಿದ್ದು ನಿಮಗೆ ಸಿಟ್ಟು ತರಿಸಿದೆ. ನಿಮ್ಮ ಪತ್ರದ ತಿರುಳು ಇಷ್ಟು: ದುಡ್ಡು ಕೊಡಿ ಎಂದು ಯಾರೂ ಬಲವಂತ ಮಾಡುವುದಿಲ್ಲ. ಮಕ್ಕಳನ್ನು ನೋಡಿಕೊಳ್ಳುವುದು ಅಪ್ಪ ಅಮ್ಮನ ಕೆಲಸ. ಕ್ರೀಡಾಪಟುಗಳ ಚಿತ್ರವಿರುವ ಕಾರ್ಡ್ ಪೊಟ್ಟಣದಲ್ಲೂ ಒಳಗೇನಿದೆ ಅಂತ ಗೊತ್ತಿರುವುದಿಲ್ಲ, ಅದನ್ನು ಯಾರೂ ಜೂಜು ಅನ್ನುವುದಿಲ್ಲ. ಕಂಪನಿ ಅತಿ ಮಾಡಿದರೆ ಆಟಗಾರರೇ ಪಾಠ ಕಲಿಸುತ್ತಾರೆ. ಕಾನೂನು ಬಂದರೆ ಪೆಟ್ಟು ಬೀಳುವುದು ಚಿಕ್ಕ ಕಂಪನಿಗಳಿಗೆ.

ನಿಮ್ಮ ಮಾತಿನಲ್ಲಿ ಒಪ್ಪಬೇಕಾದ್ದು ಇದೆ. ಗೇಮ್ ಒಳಗಿನ ಮಾರಾಟವೆಲ್ಲ ಒಂದೇ ಅಲ್ಲ. 2006ರಲ್ಲಿ ಆಬ್ಲಿವಿಯನ್ ಗೇಮ್ ಕುದುರೆಗೆ ತೊಡಿಸುವ ಕವಚವನ್ನು ದುಡ್ಡಿಗೆ ಮಾರಿದಾಗ ಜನ ನಕ್ಕರು, ಬೈದರು. ಆದರೆ ಏನು ಸಿಗುತ್ತದೆ ಅಂತ ಕೊಳ್ಳುವ ಮುಂಚೆಯೇ ಗೊತ್ತಿತ್ತು. ಬೇಕಾದವರು ಕೊಂಡರು, ಬೇಡದವರು ಬಿಟ್ಟರು. ಇಂಥದ್ದಕ್ಕೆ ಸರ್ಕಾರ ತಲೆ ಹಾಕುವ ಅಗತ್ಯವೇ ಇಲ್ಲ. ಪಾತ್ರದ ವೇಷ ಬದಲಿಸುವ ಒಂದು ಸ್ಕಿನ್ನಿಗೆ ಅಷ್ಟು ಬೆಲೆಯಾ ಅನ್ನುವುದು ಕೊಳ್ಳುವವರು ಯೋಚಿಸಬೇಕಾದ ವಿಷಯ.

ಲೂಟ್ ಬಾಕ್ಸ್ ಹಾಗಲ್ಲ. ಮೊದಲು ನಿಜವಾದ ಹಣ ಕೊಟ್ಟು ಜೆಮ್ಸ್, ಅಂದರೆ ಗೇಮ್ ಒಳಗೆ ಮಾತ್ರ ನಡೆಯುವ ದುಡ್ಡು, ಕೊಳ್ಳಬೇಕು. ಎಷ್ಟೋ ಕಡೆ ಬಾಕ್ಸ್‌ಗೆ ಬೇಕಾದಷ್ಟೇ ಜೆಮ್ಸ್ ಮಾರುವುದಿಲ್ಲ, ಜಾಸ್ತಿಯೇ ಕೊಳ್ಳಬೇಕು. ಅದರಿಂದ ಬಾಕ್ಸ್ ಕೊಂಡು ತೆರೆದರೆ ಬೇಕಾದ ವಸ್ತು ಬರಬಹುದು, ಬರದೇ ಇರಬಹುದು. ಈ ಹೊತ್ತಿಗೆ ಕೈಯಿಂದ ಹೋದದ್ದು ಎಷ್ಟು ಅನ್ನುವ ಲೆಕ್ಕ ತಪ್ಪಿರುತ್ತದೆ. ಸುಮ್ನೆ ಹಾಗಾಗುವುದಿಲ್ಲ, ಹಾಗಾಗಲಿ ಅಂತಲೇ ಕಟ್ಟಿರುತ್ತಾರೆ.

ಇನ್ನು ನಿಮ್ಮ ಕಾರ್ಡ್ ಪೊಟ್ಟಣಕ್ಕೆ ಬರೋಣ. ಒಮ್ಮೆ ಅಂಟಿಸಿದ ಮೇಲೆ ಅದರೊಳಗಿನ ಕಾರ್ಡ್ ಬದಲಾಗುವುದಿಲ್ಲ. ನೀವು ಎಷ್ಟು ಹೊತ್ತು ಆಡಿದಿರಿ, ಯಾವ ಹಂತದಲ್ಲಿ ಸೋತು ಬೇಸತ್ತಿರಿ ಅನ್ನುವುದು ಪೊಟ್ಟಣಕ್ಕೆ ತಿಳಿಯುವುದಿಲ್ಲ. ಗೇಮ್‌ಗೆ ಅದೆಲ್ಲ ತಿಳಿದಿರುತ್ತದೆ. ಸರ್ವರ್‌ನಲ್ಲಿ ಒಂದು ಅಂಕಿ ಬದಲಿಸಿದರೆ ಸಾಕು, ನಿನ್ನೆ ಬರುತ್ತಿದ್ದದ್ದು ಇಂದು ಬರುವುದಿಲ್ಲ. ಇದು ಬರೀ ಅನುಮಾನ ಅಂದುಕೊಳ್ಳಬೇಡಿ. ದಕ್ಷಿಣ ಕೊರಿಯಾದ ನೆಕ್ಸಾನ್ ಕಂಪನಿಯ ಮೇಪಲ್‌ಸ್ಟೋರಿ ಗೇಮ್‌ನಲ್ಲಿ 'ಕ್ಯೂಬ್' ಎಂಬ ವಸ್ತು ಮಾರುತ್ತಿದ್ದರು. ಆಯುಧ, ಕವಚಗಳಿಗೆ ಯಾವ ಹೆಚ್ಚುವರಿ ಶಕ್ತಿ ಸಿಗುತ್ತದೆ ಅನ್ನುವುದನ್ನು ಅದು ಅದೃಷ್ಟದ ಮೇಲೆ ಬದಲಿಸುತ್ತಿತ್ತು. ಜನ ಬಯಸುವ ಶಕ್ತಿಗಳು ಬರುವ ಸಾಧ್ಯತೆಯನ್ನು ಕಂಪನಿ ಯಾರಿಗೂ ಹೇಳದೆ ಇಳಿಸಿತ್ತು, ಕೆಲವು ಜೋಡಣೆಗಳು ಬರಲು ಸಾಧ್ಯವೇ ಇರಲಿಲ್ಲ ಎಂದು ಅಲ್ಲಿನ ನ್ಯಾಯಯುತ ವ್ಯಾಪಾರ ಆಯೋಗ ಹೇಳಿತು. 2024ರ ಜನವರಿಯಲ್ಲಿ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು. ಬಾರದ ವಸ್ತುವಿಗಾಗಿ ಜನ ವರ್ಷಗಟ್ಟಲೆ ದುಡ್ಡು ಹಾಕಿದ್ದರು. ಇದನ್ನು ಆಟಗಾರ ತಾನೇ ಕಂಡುಹಿಡಿಯುವುದು ಹೇಗೆ ಹೇಳಿ?

ಅಪ್ಪ ಅಮ್ಮ ನೋಡಿಕೊಳ್ಳಲಿ ಅನ್ನುವುದು ಸರಿ. ಆದರೆ ನೋಡಿಕೊಳ್ಳಲು ಅವರಿಗೆ ದಾರಿ ಇರಬೇಕು, ಅಲ್ವಾ? ಫೋರ್ಟ್‌ನೈಟ್ ಗೇಮ್ ತಯಾರಿಸುವ ಎಪಿಕ್ ಗೇಮ್ಸ್ ಮೇಲೆ, ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪ ಏನಿತ್ತು ಗೊತ್ತಾ? ಬಟನ್‌ಗಳನ್ನು ಹೇಗೆ ಇಟ್ಟಿದ್ದರೆಂದರೆ ಒಂದು ಸಲ ಒತ್ತಿದರೆ ಸಾಕು, ಬೇಡದ ವಸ್ತುವಿಗೂ ದುಡ್ಡು ಕಟ್ಟಾಗುತ್ತಿತ್ತು. 2018ರವರೆಗೆ ಮಕ್ಕಳು ಹೆತ್ತವರ ಒಪ್ಪಿಗೆಯೇ ಇಲ್ಲದೆ ಕೊಳ್ಳಬಹುದಿತ್ತು. ಈ ಖರ್ಚು ನಾವು ಮಾಡಿದ್ದಲ್ಲ ಎಂದು ಬ್ಯಾಂಕಿಗೆ ದೂರು ಕೊಟ್ಟವರ ಗೇಮ್ ಖಾತೆಗೇ ಬೀಗ ಬೀಳುತ್ತಿತ್ತು. 2022ರ ಡಿಸೆಂಬರ್‌ನಲ್ಲಿ ಗ್ರಾಹಕರಿಗೆ ಮರಳಿಸಲು 24.5 ಕೋಟಿ ಡಾಲರ್ ಕೊಡಲು ಕಂಪನಿ ಒಪ್ಪಿತು. ಹೀಗಿರುವಾಗ ತಪ್ಪನ್ನು ಹೆತ್ತವರ ತಲೆಗೆ ಕಟ್ಟುವುದು ನಮಗೆ ಸರಿ ಕಾಣುವುದಿಲ್ಲ.

ಆಟಗಾರರೇ ಪಾಠ ಕಲಿಸುತ್ತಾರೆ ಅನ್ನುವುದಕ್ಕೆ ನೀವು 2017ರ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಗೇಮಿನ ಲೂಟ್ ಬಾಕ್ಸ್ ಗಲಾಟೆಯನ್ನು ತೋರಿಸಿದ್ದೀರಿ. ನಿಜ, ಜನರ ಸಿಟ್ಟಿಗೆ ಹೆದರಿ ಇಎ ಕಂಪನಿ ಬಿಡುಗಡೆಗೆ ಮುಂಚೆಯೇ ಗೇಮ್ ಒಳಗಿನ ಖರೀದಿಯನ್ನು ನಿಲ್ಲಿಸಿತು. ಆದರೆ ಅದೇ ಕಂಪನಿ ಫಿಫಾ ಎಂಬ ಫುಟ್‌ಬಾಲ್ ಗೇಮ್‌ನಲ್ಲಿ ಪ್ಯಾಕ್, ಅಂದರೆ ಯಾವ ಆಟಗಾರ ಸಿಗುತ್ತಾನೆ ಅಂತ ಗೊತ್ತಿಲ್ಲದ ಲೂಟ್ ಬಾಕ್ಸ್, ಮಾರುವುದನ್ನು ಬಿಡಲಿಲ್ಲ. ಗಲಾಟೆ ಎದ್ದ ಗೇಮ್ ಬದಲಾಯಿತು, ಉಳಿದದ್ದು ಹಾಗೇ ನಡೆಯಿತು.

ಆ ಫಿಫಾ ಪ್ಯಾಕ್‌ಗಳ ಕಥೆಯೇ ಬೇರೆ. ನೀವೂ ಸೇರಿದಂತೆ ಎಲ್ಲರೂ ಜಗಳವಾಡುವುದು 'ಇದು ಜೂಜೋ ಅಲ್ಲವೋ' ಅನ್ನುವುದರ ಮೇಲೆ. 2018ರಲ್ಲಿ ಬೆಲ್ಜಿಯಂನ ಗೇಮಿಂಗ್ ಆಯೋಗ 'ಇದು ಜೂಜೇ' ಎಂದಿತು, ಇಎ ಅಲ್ಲಿ ಪ್ಯಾಕ್ ಕೊಳ್ಳಲು ಬಳಸುವ ಫಿಫಾ ಪಾಯಿಂಟ್ಸ್ ಮಾರುವುದನ್ನು ನಿಲ್ಲಿಸಿತು. ಪಕ್ಕದ ನೆದರ್‌ಲ್ಯಾಂಡ್ಸ್‌ನಲ್ಲೂ ಜೂಜು ನಿಯಂತ್ರಕರು 1 ಕೋಟಿ ಯೂರೋ ದಂಡ ಹಾಕಿದರು. 2022ರಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಅದನ್ನು ರದ್ದು ಮಾಡಿತು. ಪ್ಯಾಕ್ ತೆರೆಯುವುದು ಬೇರೆಯೇ ಒಂದು ಆಟವಲ್ಲ, ಕೌಶಲದ ಆಟದ ಒಂದು ಭಾಗ ಅಷ್ಟೇ ಎಂದಿತು. ಮಾರುವವರು ಅವರೇ, ಮಾಲೂ ಅದೇ. ಗಡಿ ದಾಟಿದರೆ ಉತ್ತರ ಉಲ್ಟಾ.

ಹಾಗಂತ ಬೆಲ್ಜಿಯಂನಲ್ಲಿ ಎಲ್ಲ ಸರಿಹೋಯಿತಾ? ಇಲ್ಲ. ನಿಷೇಧ ಬಂದು ನಾಲ್ಕು ವರ್ಷವಾದ ಮೇಲೆ ಒಬ್ಬ ಸಂಶೋಧಕರು ಅಲ್ಲಿ ಅತಿ ಹೆಚ್ಚು ಗಳಿಸುವ 100 ಐಫೋನ್ ಗೇಮ್‌ಗಳನ್ನು ಪರೀಕ್ಷಿಸಿದರು. 82ರಲ್ಲಿ ಲೂಟ್ ಬಾಕ್ಸ್ ಇತ್ತು. ಕಾಯುವವರಿಲ್ಲದಿದ್ದರೆ ಎಷ್ಟು ದೊಡ್ಡ ಕಾನೂನಾದರೂ ಇಷ್ಟೇ.

ಅದಕ್ಕೇ ಜೂಜಿನ ಕಾನೂನಿನ ಹಿಂದೆ ಓಡುವುದು ಬೇಡ, ವ್ಯಾಪಾರದ ಕಾನೂನು ಸಾಕು ಅನ್ನುವುದು ನಮ್ಮ ವಾದ. ಜಪಾನ್ 2012ರಲ್ಲೇ ಇದನ್ನು ಮಾಡಿ ತೋರಿಸಿತು. ಅಲ್ಲಿ 'ಕಾಂಪು ಗಾಚಾ' ಎಂಬ ವಿಧಾನವಿತ್ತು. ಅದೃಷ್ಟದಿಂದ ಸಿಗುವ ವಸ್ತುಗಳ ಪೂರ್ತಿ ಸೆಟ್ ಕೂಡಿಸಿದರೆ ಮಾತ್ರ ದೊಡ್ಡ ಬಹುಮಾನ. ಕೊನೆಯ ಒಂದು ಸಿಗದೆ ಜನ ಕೊಳ್ಳುತ್ತಲೇ ಇದ್ದರು. ಅಲ್ಲಿನ ಗ್ರಾಹಕ ಇಲಾಖೆ ಹೊಸ ಕಾನೂನು ತರಲೇ ಇಲ್ಲ. ಮಾರಾಟದ ಜೊತೆ ಕೊಡುವ ಬಹುಮಾನಗಳ ಬಗ್ಗೆ ಹಳೆಯ ಕಾನೂನು ಇತ್ತು. ಅದರಲ್ಲಿ ಕಾರ್ಡ್ ಜೋಡಿಸಿದರೆ ಬಹುಮಾನ ಅನ್ನುವ ವಿಧಾನಕ್ಕೆ ಮೊದಲೇ ತಡೆಯಿತ್ತು. ಇದೂ ಅದೇ ಎಂದು ಹೇಳಿ ನಿಲ್ಲಿಸಿತು. ನೋಡಿ, ನಿಮ್ಮ ಕಾರ್ಡ್ ವಾದಕ್ಕೆ ಅಲ್ಲಿ ಯಾವಾಗಲೋ ಉತ್ತರ ಸಿಕ್ಕಿತ್ತು!

ಹಾಗಾದರೆ ಏನು ಬೇಕು? ಜೆಮ್ಸ್ ಪಕ್ಕದಲ್ಲಿ ನಿಜವಾದ ಹಣದ ಬೆಲೆ ಕಾಣಬೇಕು. 2025ರ ಮಾರ್ಚ್‌ನಲ್ಲಿ ಯುರೋಪಿನ ಗ್ರಾಹಕ ರಕ್ಷಣಾ ಸಂಸ್ಥೆಗಳು ಕೇಳಿದ್ದು ಇದನ್ನೇ. ಸಿಗುವ ಸಾಧ್ಯತೆ ಎಷ್ಟು ಅಂತ ಹೇಳಬೇಕು. ಚೀನಾ 2017ರಲ್ಲಿ, ಕೊರಿಯಾ 2024ರಲ್ಲಿ ಇದನ್ನು ಕಡ್ಡಾಯ ಮಾಡಿದವು. ಆದರೆ ಹೇಳಿದರೆ ಸಾಲದು. ಅದು ನಿಜವಾ ಅಂತ ಹೊರಗಿನವರು ಪರೀಕ್ಷಿಸಬೇಕು, ಅರ್ಥವಾಗುವ ಹಾಗೆಯೂ ಹೇಳಬೇಕು. ಶೇಕಡಾ 1 ಅಂದರೆ 100 ಬಾಕ್ಸ್ ತೆರೆದರೆ ಒಂದು ಸಿಕ್ಕೇ ಸಿಗುತ್ತದೆ ಅಂತ ಎಷ್ಟೋ ಜನ ನಂಬುತ್ತಾರೆ. ಪ್ರತಿ ಬಾಕ್ಸೂ ಹೊಸದಾಗಿ ಅದೃಷ್ಟ ನೋಡುವುದಾದರೆ, 100 ತೆರೆದ ಮೇಲೂ ನೂರರಲ್ಲಿ ಸುಮಾರು 37 ಜನರಿಗೆ ಏನೂ ಸಿಗುವುದಿಲ್ಲ. ಮಕ್ಕಳ ವಿಷಯದಲ್ಲಿ ನಾವು ಇನ್ನೂ ಗಟ್ಟಿ. ಗೆನ್ಶಿನ್ ಇಂಪ್ಯಾಕ್ಟ್ ಗೇಮಿನ ಕಂಪನಿ 2025ರ ಜನವರಿಯಲ್ಲಿ ಅಮೆರಿಕದ ಅದೇ ಫೆಡರಲ್ ಟ್ರೇಡ್ ಕಮಿಷನ್ ಜೊತೆ ಮಾಡಿಕೊಂಡ ಒಪ್ಪಂದದಂತೆ, 16 ವರ್ಷದ ಒಳಗಿನವರಿಗೆ ಹೆತ್ತವರ ಒಪ್ಪಿಗೆಯಿಲ್ಲದೆ ಲೂಟ್ ಬಾಕ್ಸ್ ಮಾರುವ ಹಾಗಿಲ್ಲ. ಎಲ್ಲ ಕಂಪನಿಗಳಿಗೂ ಇದೇ ನಿಯಮ ಇರಲಿ.

ಚಿಕ್ಕ ಕಂಪನಿಗಳಿಗೆ ಇದು ಹೊರೆಯಾಗುತ್ತದೆ ಅಂತ ನಮಗೆ ಅನ್ನಿಸುವುದಿಲ್ಲ. ಸಾಧ್ಯತೆಯ ಅಂಕಿ ಅವರ ಕೋಡ್‌ನಲ್ಲೇ ಇರುತ್ತದೆ, ಅದನ್ನು ತೆರೆಗೆ ತರಬೇಕು ಅಷ್ಟೇ. ಪರೀಕ್ಷೆಯ ಖರ್ಚನ್ನು ಗಳಿಕೆ ನೋಡಿ ಹಾಕಬಹುದು. ಲೂಟ್ ಬಾಕ್ಸೇ ಇಲ್ಲದವರಿಗೆ ಈ ಯಾವ ನಿಯಮವೂ ತಟ್ಟುವುದಿಲ್ಲ.

ಒಂದು ಭಯ ಮಾತ್ರ ನಮಗೂ ಇದೆ. ಮಾರಾಟಕ್ಕೆ ನಿಯಮ ಮಾಡಲು ಹೊರಟ ಸರ್ಕಾರ ಆಟಕ್ಕೇ ಕೈ ಹಾಕಬಹುದು. 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಗಿನ 6ರವರೆಗೆ ಆನ್‌ಲೈನ್ ಗೇಮ್ ಆಡಬಾರದು ಎಂದು ಕೊರಿಯಾ 2011ರಲ್ಲಿ ಕಾನೂನು ತಂದಿತ್ತು. ಹತ್ತು ವರ್ಷದ ನಂತರ ತಾನೇ ಕೈಬಿಟ್ಟಿತು. ಹೆತ್ತವರ ಒಪ್ಪಿಗೆಯನ್ನು ದುಡ್ಡು ಕಟ್ಟುವ ಹಂತದಲ್ಲಿ ಕೇಳಿದರೆ ಸಾಕು. ಸುಮ್ನೆ ಆಡುವುದಕ್ಕೂ ಗುರುತಿನ ಚೀಟಿ ಕೇಳುವ ಕಾನೂನು ಬಂದರೆ, ನಿಮ್ಮ ಮುಂದಿನ ಪತ್ರವನ್ನು ನಾವೇ ಸಂಪಾದಕೀಯದ ಜಾಗದಲ್ಲಿ ಹಾಕುತ್ತೇವೆ.

– ಸಂಪಾದಕ