ಫೋರ್ಬ್ಸ್ ರಷ್ಯಾ ಪತ್ರಿಕೆಯ ಮಾಲೀಕರು ಬದಲಾದದ್ದೇಕೆ? ಸಂಪಾದಕೀಯ ಸ್ವಾತಂತ್ರ್ಯದ ಗತಿ ಏನಾಯಿತು?

ನೇರ ಕಾರಣ ಒಂದು ಕಾನೂನು. ರಷ್ಯಾದ ಮಾಧ್ಯಮ ಸಂಸ್ಥೆಗಳಲ್ಲಿ ವಿದೇಶಿಯರ ಪಾಲು ಶೇ. 20 ಮೀರಬಾರದು ಎಂದು 2014ರಲ್ಲಿ ಅಲ್ಲಿನ ಸಂಸತ್ತು ಗೆರೆ ಎಳೆಯಿತು; 2016ರ ಜನವರಿಯಿಂದ ಅದು ಜಾರಿಗೆ ಬಂತು. ಪತ್ರಿಕೆಯನ್ನು 2004ರಿಂದ ನಡೆಸುತ್ತಿದ್ದ ಜರ್ಮನಿಯ ಪ್ರಕಾಶನ ಸಂಸ್ಥೆ ಆಕ್ಸೆಲ್ ಸ್ಪ್ರಿಂಗರ್ ಬೇರೆ ದಾರಿಯಿಲ್ಲದೆ 2015ರಲ್ಲಿ ಅಲೆಕ್ಸಾಂಡರ್ ಫೆದೊತೊವ್ ಎಂಬ ರಷ್ಯನ್ ಪ್ರಕಾಶಕರಿಗೆ ಮಾರಿತು.

ಈ ಪತ್ರಿಕೆ ಮೊದಲಿನಿಂದಲೂ ಸುಲಭದ ಕೆಲಸ ಮಾಡಿದ್ದಲ್ಲ. ಶ್ರೀಮಂತರ ಪಟ್ಟಿ ಪ್ರಕಟಿಸಿದ ಕೆಲವೇ ವಾರಗಳಲ್ಲಿ, 2004ರ ಜುಲೈನಲ್ಲಿ, ಅದರ ಮೊದಲ ಸಂಪಾದಕ ಪಾಲ್ ಕ್ಲೆಬ್ನಿಕೊವ್ ಅವರನ್ನು ಮಾಸ್ಕೋದಲ್ಲಿ ಗುಂಡಿಟ್ಟು ಕೊಂದರು. ಕೊಲ್ಲಿಸಿದವರಿಗೆ ಇಂದಿಗೂ ಶಿಕ್ಷೆಯಾಗಿಲ್ಲ. ಆ ಬಳಿಕವೂ ಸರ್ಕಾರಿ ಗುತ್ತಿಗೆ, ಅಧಿಕಾರಸ್ಥರ ಆಪ್ತರ ಆಸ್ತಿ ಇವುಗಳ ಬಗ್ಗೆ ಬರೆಯುವುದನ್ನು ಪತ್ರಿಕೆ ನಿಲ್ಲಿಸಲಿಲ್ಲ. ವಿದೇಶಿ ಮಾಲೀಕರಿಗೆ ಕ್ರೆಮ್ಲಿನ್‌ನ ಹಂಗು ಕಡಿಮೆ ಇದ್ದದ್ದು ಇದಕ್ಕೆ ದೊಡ್ಡ ರಕ್ಷಣೆ ಎಂಬುದು ನನ್ನ ಅಂದಾಜು.

ಫೆದೊತೊವ್ ಮಾತ್ರ, ಪತ್ರಿಕೆಯಲ್ಲಿ ರಾಜಕೀಯ ಹೆಚ್ಚಾಗಿದೆ ಎಂಬ ಅರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದರು. ಸ್ವಲ್ಪದರಲ್ಲೇ ಸಂಪಾದಕರೂ ಬದಲಾದರು, ನಿಕೊಲಾಯ್ ಉಸ್ಕೊವ್ ಬಂದರು. 2018ರಲ್ಲಿ, ಬಂಧನದಲ್ಲಿದ್ದ ಉದ್ಯಮಿಗಳಾದ ಮಾಗೊಮೆದೊವ್ ಸಹೋದರರ ಕುರಿತ ಲೇಖನದ ವಿಚಾರಕ್ಕೆ ಜಗಳವೆದ್ದು ಉಸ್ಕೊವ್ ಕೂಡ ಹೊರಬಿದ್ದರು. ಅದೇ ವರ್ಷ ಪತ್ರಿಕೆ ಮಾಗೊಮೆದ್ ಮುಸಾಯೆವ್ ಎಂಬ ಉದ್ಯಮಿಯ ಕೈ ಸೇರಿತು.

ಹೆಸರು ಅಮೆರಿಕದ ಫೋರ್ಬ್ಸ್‌ನದ್ದೇ ಅಲ್ಲವೇ ಎಂದರೆ, ಅದು ಪರವಾನಗಿಯ ಸಂಬಂಧ. ಸಂಪಾದಕರ ನೇಮಕ, ಸಂಬಳ, ಮುದ್ರಣ ಎಲ್ಲವೂ ಸ್ಥಳೀಯ ಮಾಲೀಕರ ಹತೋಟಿಯಲ್ಲೇ ಇರುತ್ತದೆ.